ವ್ಯಾಪಾರ ಗಡಿ ದಾಟುವ ಮುನ್ನ ತೆರಿಗೆಯ ಲೆಕ್ಕ

ಅಂಗಡಿ ಕದಲದೆ ರಾಜ್ಯವೇ ಬದಲಾದ ಸೀಮೆ ನಮ್ಮದು. 1956ರ ನವೆಂಬರ್ 1ಕ್ಕೆ ಮುಂಚೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವೆಲ್ಲ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಿರೇಕೆರೂರಿನ ಮಗ್ಗುಲಲ್ಲಿರುವ ಶಿಕಾರಿಪುರವಾದರೋ ಮೈಸೂರು ರಾಜ್ಯದ್ದು. ಅಂದು ಮಾಸೂರಿನ ವ್ಯಾಪಾರಿಯೊಬ್ಬ ತನ್ನ ಅಂಗಡಿಯನ್ನು ಶಿಕಾರಿಪುರಕ್ಕೆ ಒಯ್ದಿದ್ದರೆ ಅದು ಹೊರರಾಜ್ಯಕ್ಕೆ ಹೋದಂತೆಯೇ ಆಗುತ್ತಿತ್ತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಮುಂಬಯಿಯ ಮಾರಾಟ ತೆರಿಗೆ ಕಾನೂನು ಹೋಗಿ, 1957ರ ಅಕ್ಟೋಬರ್ 1ರಿಂದ ಮೈಸೂರು ಮಾರಾಟ ತೆರಿಗೆ ಕಾಯಿದೆ ಜಾರಿಗೆ ಬಂತು. ಮುಂದೆ 2005ರ ಏಪ್ರಿಲ್ 1ರಿಂದ ವ್ಯಾಟ್, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ. ಬಂದವು.

ಈಗ ಗಡಿ ನಿಂತಲ್ಲೇ ನಿಂತಿದೆ, ಜನ ಓಡಾಡುತ್ತಿದ್ದಾರೆ. ತೋಟದ ಜೊತೆಗೆ ಹಸಿ ಅಡಿಕೆ ಕೊಂಡು ಬೇಯಿಸಿ ಒಣಗಿಸುವ ಸಣ್ಣ ಉದ್ಯೋಗ ಮಾಡುವವರು, ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವವರು ನಮ್ಮ ಬೆಳೆಗಾರ ಬಂಧುಗಳಲ್ಲಿ ಇದ್ದಾರೆ. ಮಗನ ನೌಕರಿ, ಮಗಳ ಮನೆ ಅಥವಾ ಹೆಚ್ಚಿನ ಗಿರಾಕಿಗಳ ಆಸೆಯಿಂದ ಇಂಥ ವ್ಯಾಪಾರವನ್ನು ಗೋವಾಕ್ಕೋ ಕೊಲ್ಲಾಪುರಕ್ಕೋ ಸ್ಥಳಾಂತರಿಸುವ ಯೋಚನೆ ಬಂದಾಗ ಮನೆ ಬಾಡಿಗೆ, ಲಾರಿ ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ತೆರಿಗೆಯ ಲೆಕ್ಕವನ್ನು ಮಾತ್ರ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಡುತ್ತೇವೆ. ಇಲ್ಲಿಯೇ ಸಣ್ಣ ವ್ಯಾಪಾರಿಗೆ ಪೆಟ್ಟು ಬೀಳುವುದು. ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಮಾಡಬೇಕು ಎಂಬ ಕ್ರಮ ತಪ್ಪಿದರೆ ಒಂದೇ ಮಾಲಿಗೆ ಎರಡು ಬಾರಿ ತೆರಿಗೆ ತೆರಬೇಕಾದೀತು. ಆ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಬೆಳೆಗಾರ ಯಾರು, ವ್ಯಾಪಾರಿ ಯಾರು

ಮೊದಲಿಗೆ ತಾವು ಯಾವ ಗುಂಪಿಗೆ ಸೇರಿದವರು ಎಂಬುದನ್ನು ತಿಳಿದುಕೊಳ್ಳಬೇಕು. ಸ್ವಂತ ದುಡಿಮೆಯಿಂದಾಗಲಿ, ಮನೆಮಂದಿಯ ದುಡಿಮೆಯಿಂದಾಗಲಿ, ತನ್ನ ಮೇಲ್ವಿಚಾರಣೆಯಲ್ಲಿ ಕೂಲಿ ಆಳುಗಳಿಂದಾಗಲಿ ಭೂಮಿಯನ್ನು ಸಾಗುವಳಿ ಮಾಡುವವನನ್ನು ಜಿ.ಎಸ್.ಟಿ. ಕಾನೂನು ಕೃಷಿಕನೆಂದು ಕರೆಯುತ್ತದೆ. ತನ್ನ ಭೂಮಿಯಲ್ಲಿ ಬೆಳೆದುದನ್ನು ಮಾರುವ ಮಟ್ಟಿಗೆ ಅವನಿಗೆ ನೋಂದಣಿಯ ಹಂಗಿಲ್ಲ. ಆದುದರಿಂದ ತೋಟದ ಬೆಳೆಯನ್ನಷ್ಟೇ ಮಾರಿಕೊಂಡು ಬರುವ ಸದಸ್ಯರು ಈ ಲೇಖನದ ಬಹುಭಾಗದಿಂದ ಹೊರಗೆ ಉಳಿಯುತ್ತಾರೆ.

ಆದರೆ ನೆರೆಯವರ ಹಸಿ ಅಡಿಕೆಯನ್ನು ತೂಕಕ್ಕೆ ಕೊಂಡು ಸುಲಿದು, ಬೇಯಿಸಿ, ಒಣಗಿಸಿ ಮಾರುವವನು ಆ ಮಟ್ಟಿಗೆ ವ್ಯಾಪಾರಿಯೇ. ಮರದ ಮೇಲಿನ ಫಸಲನ್ನು ಖೇಣಿ ಹಿಡಿಯುವವನೂ ಹಾಗೆಯೇ, ಏಕೆಂದರೆ ಅವನು ಕೊಂಡದ್ದು ಫಸಲನ್ನು. ಭೂಮಿಯನ್ನು ಸಾಗುವಳಿ ಮಾಡಿದವನು ಬೇರೆ. ಹಸಿ ಅಡಿಕೆಗೆ ತೆರಿಗೆ ಇಲ್ಲ, ಒಣ ಅಡಿಕೆಗೆ ಶೇಕಡ 5. ಒಂದೇ ಅಂಗಳದಲ್ಲಿ ಸ್ವಂತ ತೋಟದ ಅಡಿಕೆಯೂ ಕೊಂಡ ಅಡಿಕೆಯೂ ಒಟ್ಟಿಗೆ ಒಣಗುತ್ತಿದ್ದರೆ ಎರಡರ ಪುಸ್ತಕವನ್ನೂ ಬೇರೆ ಬೇರೆಯಾಗಿ ಬರೆದಿಡುವುದು ಕ್ಷೇಮ. ರಾಶಿ ಬೆರೆತರೆ ಲೆಕ್ಕ ಬೇರ್ಪಡಿಸುವುದು ಕಷ್ಟ.

ಕರ್ನಾಟಕದ ಒಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವ ವ್ಯಾಪಾರಿಗೆ ಈ ಮಿತಿಯ ರಕ್ಷಣೆ ಇಲ್ಲ. ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಗಡಿ ದಾಟುವುದೆಂದರೆ ಕಾನೂನಿನ ದೃಷ್ಟಿಯಲ್ಲಿ ಸಣ್ಣ ಸಂಗತಿಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನೋಂದಣಿ ಗಂಟು ಕಟ್ಟಿ ಒಯ್ಯುವಂಥದ್ದಲ್ಲ

ಜಿ.ಎಸ್.ಟಿ. ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರಾಂಕಗಳಿವೆ. ಅವುಗಳಲ್ಲಿ ಮೊದಲ ಎರಡು ರಾಜ್ಯದ ಗುರುತು, ಮುಂದಿನ ಹತ್ತು ತಮ್ಮ ಪ್ಯಾನ್ ಸಂಖ್ಯೆ. ಕರ್ನಾಟಕಕ್ಕೆ 29, ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27, ಕೇರಳಕ್ಕೆ 32, ತಮಿಳುನಾಡಿಗೆ 33. ಹಾನಗಲ್ಲಿನಿಂದ ಹಾವೇರಿಗೆ ಅಂಗಡಿ ಹೋದರೆ ವಿಳಾಸ ತಿದ್ದುಪಡಿ ಮಾಡಿಸಿದರೆ ಸಾಕು. ಹಾನಗಲ್ಲಿನಿಂದ ಗೋವಾದ ಫೋಂಡಾಕ್ಕೆ ಹೋದರೆ ತಿದ್ದುಪಡಿಗೆ ಅವಕಾಶವೇ ಇಲ್ಲ. ಅಲ್ಲಿ 30ರಿಂದ ಆರಂಭವಾಗುವ ಹೊಸ ಸಂಖ್ಯೆ ಪಡೆಯಬೇಕು, ಇಲ್ಲಿಯ 29ರ ಸಂಖ್ಯೆಯನ್ನು ರದ್ದು ಮಾಡಿಸಬೇಕು.

ಇದು ಸಣ್ಣವರಿಗೆ ಮಾತ್ರ ಇಟ್ಟ ಕಟ್ಟಲೆಯಲ್ಲ. ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊದಂಥ ಬಹುರಾಜ್ಯ ಸಹಕಾರಿ ಸಂಸ್ಥೆಗೂ ಕಾನೂನು ಇದೇ: ವ್ಯಾಪಾರ ನಡೆಸುವ ಪ್ರತಿ ರಾಜ್ಯಕ್ಕೂ ಪ್ರತ್ಯೇಕ ನೋಂದಣಿ. ಒಂದೇ ಪ್ಯಾನ್ ಆದರೂ 29ರ ತಾವು ಬೇರೆ, 30ರ ತಾವು ಬೇರೆ ಎಂದೇ ಕಾನೂನು ಎಣಿಸುತ್ತದೆ. ಮುಂದಿನ ಲೆಕ್ಕವೆಲ್ಲ ಈ ಒಂದು ಮಾತಿನಿಂದ ಹುಟ್ಟುತ್ತದೆ.

ನಮ್ಮ ಮಾಲು, ನಮ್ಮ ಅಂಗಡಿ, ತೆರಿಗೆ ಏಕೆ?

ಹಿರಿಯ ವ್ಯಾಪಾರಿಗಳು ಈ ಪ್ರಶ್ನೆ ಕೇಳುವುದು ಸಹಜ. ಏಕೆಂದರೆ ಹಳೆಯ ಕಾಲದಲ್ಲಿ ಹಾಗಿರಲಿಲ್ಲ. 1956ರ ಕೇಂದ್ರ ಮಾರಾಟ ತೆರಿಗೆ ಕಾಯಿದೆಯ ಪ್ರಕಾರ ಮಾರಾಟ ನಡೆದರೆ ಮಾತ್ರ ತೆರಿಗೆ. ತನ್ನ ಮಾಲನ್ನು ಹೊರರಾಜ್ಯದ ತನ್ನದೇ ಶಾಖೆಗೆ ಕಳಿಸಿದರೆ ಅದು ಮಾರಾಟವಲ್ಲ. ಎಫ್ ನಮೂನೆಯನ್ನು ಕೊಟ್ಟು ಅದನ್ನು ರುಜುವಾತು ಪಡಿಸಿದರೆ ತೆರಿಗೆ ಬೀಳುತ್ತಿರಲಿಲ್ಲ.

2017ರ ಜುಲೈ 1ರ ನಂತರ ಈ ಮಾತು ನಡೆಯುವುದಿಲ್ಲ. ಜಿ.ಎಸ್.ಟಿ. ಬೀಳುವುದು ಪೂರೈಕೆಯ ಮೇಲೆ. ಎರಡು ರಾಜ್ಯಗಳಲ್ಲಿ ನೋಂದಣಿ ಇರುವ ಒಬ್ಬನೇ ಮನುಷ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ವ್ಯಾಪಾರದ ಮಾಲು ಕಳಿಸಿದರೆ, ದುಡ್ಡು ಕೈ ಬದಲಾಗದಿದ್ದರೂ ಅದು ಪೂರೈಕೆಯೇ. ಅದಕ್ಕೆ ತೆರಿಗೆ ಬಿಲ್ಲು ಬರೆಯಬೇಕು, ಸಮಗ್ರ ಜಿ.ಎಸ್.ಟಿ., ಅಂದರೆ ಐ.ಜಿ.ಎಸ್.ಟಿ. ಕಟ್ಟಬೇಕು. ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲೂ ಜೊತೆಯಲ್ಲಿರಬೇಕು. ಗಡಿಯ ಚೆಕ್‌ಪೋಸ್ಟುಗಳು 2017ರಲ್ಲಿ ತೆರವಾದವು ನಿಜ. ಆದರೆ ದಾರಿಯಲ್ಲಿ ತಪಾಸಣೆ ನಿಂತಿಲ್ಲ, ಅಡಿಕೆ ಲಾರಿಯ ಮೇಲೆ ಅಧಿಕಾರಿಗಳ ಕಣ್ಣು ಇದ್ದೇ ಇರುತ್ತದೆ. ಕಾಗದವಿಲ್ಲದ ಮಾಲು ಸಿಕ್ಕಿಬಿದ್ದರೆ ತೆರಿಗೆಯ ಮೇಲೆ ದಂಡವೂ ಸೇರುತ್ತದೆ.

ಕಟ್ಟಿದ ಐ.ಜಿ.ಎಸ್.ಟಿ. ಕಳೆದುಹೋಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹೊಸ ರಾಜ್ಯದ ನೋಂದಣಿಯಲ್ಲಿ ಅದು ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆಯಾಗಿ ಸಿಗುತ್ತದೆ. ಕರ್ನಾಟಕದಲ್ಲಿ ಉಳಿದ ರಾಜ್ಯ ಜಿ.ಎಸ್.ಟಿ. ಜಮೆಯನ್ನು ಗೋವಾದ ತೆರಿಗೆಗೆ ಹೊಂದಿಸಲು ಬರುವುದಿಲ್ಲ. ಆದರೆ ಅದೇ ಜಮೆಯಿಂದ ಇಲ್ಲಿ ಐ.ಜಿ.ಎಸ್.ಟಿ. ಕಟ್ಟಲು ಬರುತ್ತದೆ, ಹಾಗೆ ಕಟ್ಟಿದ್ದು ಅಲ್ಲಿ ಜಮೆಯಾಗುತ್ತದೆ. ಹೊಳೆ ದಾಟಲು ದೋಣಿ ಇದ್ದಂತೆ, ಜಮೆಗೆ ಗಡಿ ದಾಟಲು ಐ.ಜಿ.ಎಸ್.ಟಿ. ಬಿಲ್ಲು.

ಒಂದು ಲಕ್ಷದ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ನೋಡೋಣ. ಹಾನಗಲ್ಲ ತಾಲ್ಲೂಕಿನ ಒಬ್ಬ ನೋಂದಾಯಿತ ಸಣ್ಣ ವ್ಯಾಪಾರಿಯ ಬಳಿ 40 ಕ್ವಿಂಟಲ್ ಒಣ ಅಡಿಕೆ ಇದೆ. ಲೆಕ್ಕಕ್ಕೆ ಸುಲಭವಾಗಲೆಂದು ಕ್ವಿಂಟಲಿಗೆ 50,000 ರೂಪಾಯಿ ಹಿಡಿಯೋಣ. ಒಟ್ಟು 20 ಲಕ್ಷ. ಆ ಅಡಿಕೆಯನ್ನೆಲ್ಲ ಅವನು ಬೆಳೆಗಾರರಿಂದಲೇ ಹಸಿಯಾಗಿ ಕೊಂಡಿದ್ದಾನೆ. ಬೆಳೆಗಾರ ತೆರಿಗೆ ಹಾಕಿ ಬಿಲ್ಲು ಕೊಡುವುದಿಲ್ಲವಾದ್ದರಿಂದ ಅವನ ಬಳಿ ಆ ಖರೀದಿಯ ಜಮೆ ಏನೂ ಇಲ್ಲ.

ಮೊದಲನೆಯ ದಾರಿ: ಇಲ್ಲಿಯ ನೋಂದಣಿಯನ್ನು ಮೊದಲು ರದ್ದು ಮಾಡಿಸಿ, ಆಮೇಲೆ ಮಾಲು ಒಯ್ಯುವುದು. ನೋಂದಣಿ ರದ್ದಾಗುವಾಗ ಕೈಯಲ್ಲಿರುವ ದಾಸ್ತಾನಿನ ಮೇಲೆ ಪಡೆದ ಜಮೆ ಅಥವಾ ಆ ದಾಸ್ತಾನನ್ನು ಮಾರಿದ್ದರೆ ಬೀಳುತ್ತಿದ್ದ ತೆರಿಗೆ, ಈ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು ಎನ್ನುತ್ತದೆ ಕಾನೂನು. ಜಮೆ ಪಡೆದೇ ಇಲ್ಲ ಎಂಬ ಮಾತು ಇಲ್ಲಿ ರಕ್ಷಣೆಗೆ ಬರುವುದಿಲ್ಲ. 20 ಲಕ್ಷಕ್ಕೆ ಶೇಕಡ 5ರಂತೆ 1,00,000 ರೂಪಾಯಿ ಕಟ್ಟಬೇಕಾಗುತ್ತದೆ. ಹೀಗೆ ಕಟ್ಟಿದ್ದಕ್ಕೆ ತೆರಿಗೆ ಬಿಲ್ಲು ಇಲ್ಲ, ಆದುದರಿಂದ ಗೋವಾದಲ್ಲಿ ಜಮೆಯೂ ಇಲ್ಲ. ಅಲ್ಲಿ ಆ ಅಡಿಕೆ 22 ಲಕ್ಷಕ್ಕೆ ಮಾರಾಟವಾದರೆ ಮತ್ತೆ 1,10,000 ರೂಪಾಯಿ ತೆರಿಗೆ. ಒಂದೇ ಮಾಲಿನ ಮೇಲೆ ಎರಡೂ ಸೇರಿ 2,10,000.

ಎರಡನೆಯ ದಾರಿ: ಮೊದಲು ಗೋವಾದಲ್ಲಿ ನೋಂದಣಿ ಪಡೆದು, ಇಲ್ಲಿಯ ನೋಂದಣಿ ಜೀವಂತವಿರುವಾಗಲೇ ತನ್ನ ಹೊಸ ಸಂಖ್ಯೆಯ ಹೆಸರಿಗೆ ತೆರಿಗೆ ಬಿಲ್ಲು ಬರೆದು ಮಾಲು ಕಳಿಸುವುದು. ಇಲ್ಲಿ ಐ.ಜಿ.ಎಸ್.ಟಿ. 1,00,000 ರೂಪಾಯಿ. ಚೀಲ, ಯಂತ್ರದ ಬಿಡಿಭಾಗ ಮುಂತಾದ ಖರೀದಿಗಳಿಂದ 30,000 ರೂಪಾಯಿ ಜಮೆ ಉಳಿದಿದ್ದರೆ ಅದನ್ನು ಇದಕ್ಕೆ ಹೊಂದಿಸಿ 70,000 ನಗದು ಕಟ್ಟಿದರೆ ಸಾಕು. ಪೂರಾ 1,00,000 ರೂಪಾಯಿ ಗೋವಾದಲ್ಲಿ ಜಮೆಯಾಗುತ್ತದೆ. ಅಲ್ಲಿ 22 ಲಕ್ಷಕ್ಕೆ ಮಾರಿದಾಗ ಬೀಳುವ 1,10,000ದಲ್ಲಿ ಜಮೆ ಕಳೆದು 10,000 ಕಟ್ಟಿದರೆ ಆಯಿತು. ಮಾಲಿನ ಮೇಲಿನ ಒಟ್ಟು ತೆರಿಗೆ 1,10,000.

ಎರಡು ದಾರಿಗಳ ನಡುವಿನ ಅಂತರ ಒಂದು ಲಕ್ಷ ರೂಪಾಯಿ. ತೆರಿಗೆಯ ದರ ಅದೇ, ಮಾಲು ಅದೇ, ಮನುಷ್ಯ ಅದೇ. ಬದಲಾದದ್ದು ಕೆಲಸದ ಕ್ರಮ ಮಾತ್ರ.

ಆದರೆ ಎರಡನೆಯ ದಾರಿಯಲ್ಲಿ ಒಂದು ಎಚ್ಚರ ಬೇಕು. ಆ ತಿಂಗಳಿನ ಮಾರಾಟದ ವಿವರಣ ಪಟ್ಟಿ ಹಾಗೂ ತೆರಿಗೆ ರಿಟರ್ನ್ ಎರಡನ್ನೂ ಕರ್ನಾಟಕದಲ್ಲಿ ಸಲ್ಲಿಸಿ ತೆರಿಗೆ ಕಟ್ಟಿದ ಮೇಲೆಯೇ ಗೋವಾದ ಜಮೆ ಊರ್ಜಿತವಾಗುತ್ತದೆ. ಅವಸರದಲ್ಲಿ ಮಾಲು ಕಳಿಸಿ ಇಲ್ಲಿಯ ರಿಟರ್ನ್ ಮರೆತರೆ ಅಲ್ಲಿ ಜಮೆ ಸಿಗದು.

ಸುಲಿಯುವ ಯಂತ್ರದ ವಿಷಯ

ಅಡಿಕೆ ಸುಲಿಯುವ ಯಂತ್ರ, ಕಾಫಿ ಹುರಿಯುವ ಯಂತ್ರ ಇವುಗಳ ಖರೀದಿಯಲ್ಲಿ ಜಮೆ ಪಡೆದಿದ್ದರೆ ಅದಕ್ಕೂ ಲೆಕ್ಕವಿದೆ. ನೋಂದಣಿ ರದ್ದಾಗುವಾಗ ಯಂತ್ರದ ಆಯುಷ್ಯವನ್ನು 5 ವರ್ಷ, ಅಂದರೆ 60 ತಿಂಗಳು ಎಂದು ಹಿಡಿದು ಉಳಿದ ತಿಂಗಳುಗಳ ಪಾಲನ್ನು ಹಿಂದಿರುಗಿಸಬೇಕು. 18,000 ರೂಪಾಯಿ ಜಮೆ ಪಡೆದ ಯಂತ್ರಕ್ಕೆ 40 ತಿಂಗಳು ಕಳೆದಿದ್ದರೆ ಉಳಿದ 20 ತಿಂಗಳಿಗೆ 6,000 ರೂಪಾಯಿ. ಯಂತ್ರದ ಈಗಿನ ಮೌಲ್ಯದ ಮೇಲಿನ ತೆರಿಗೆ ಇದಕ್ಕಿಂತ ಹೆಚ್ಚಾದರೆ ಹೆಚ್ಚಿನದನ್ನೇ ಕಟ್ಟಬೇಕು. ಇದನ್ನೂ ರದ್ದತಿಗೆ ಮೊದಲೇ ಬಿಲ್ಲಿನ ಮೇಲೆ ಹೊಸ ನೋಂದಣಿಗೆ ಕಳಿಸಿದರೆ ಬಿಲ್ಲಿನ ತೆರಿಗೆ ಅಲ್ಲಿ ಜಮೆಯಾಗುತ್ತದೆ. ಯಂತ್ರ ಕೊಂಡ ಮೂಲ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು. ಅದಿಲ್ಲದೆ ಈ ಲೆಕ್ಕ ಕೂಡುವುದಿಲ್ಲ.

ರಾಜಿ ತೆರಿಗೆಯವರು ಮತ್ತು ನೋಂದಣಿ ಇಲ್ಲದವರು

ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯವರೆಗಿನ ವಹಿವಾಟಿನವರಿಗೆ ರಾಜಿ ತೆರಿಗೆ ಪದ್ಧತಿ ಇದೆ. ಜನ ಇದನ್ನು ಕಾಂಪೊಸಿಷನ್ ಎನ್ನುತ್ತಾರೆ. ಇದರಲ್ಲಿ ವ್ಯಾಪಾರಿ ವಹಿವಾಟಿನ ಶೇಕಡ 1ರಷ್ಟನ್ನು ತನ್ನ ಕೈಯಿಂದ ಕಟ್ಟುತ್ತಾನೆ. ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಜಮೆ ಪಡೆಯುವಂತಿಲ್ಲ. ಹೊರರಾಜ್ಯಕ್ಕೆ ಸರಕು ಪೂರೈಸುವಂತೆಯೂ ಇಲ್ಲ. ತನ್ನದೇ ಹೊಸ ಅಂಗಡಿಗೆ ಮಾಲು ಕಳಿಸುವುದೂ ಹೊರರಾಜ್ಯದ ಪೂರೈಕೆಯೇ ಆದ್ದರಿಂದ ಮೇಲೆ ಹೇಳಿದ ಎರಡನೆಯ ದಾರಿ ಇವರಿಗೆ ನೇರವಾಗಿ ತೆರೆದಿಲ್ಲ. ಒಂದೋ ಮೊದಲೇ ರಾಜಿ ಪದ್ಧತಿಯಿಂದ ಹೊರಬಂದು ಸಾಮಾನ್ಯ ಪದ್ಧತಿಗೆ ಸೇರಬೇಕು, ಇಲ್ಲವೇ ದಾಸ್ತಾನನ್ನೆಲ್ಲ ಕರ್ನಾಟಕದೊಳಗೆ ಮಾರಿ ಮುಗಿಸಬೇಕು.

ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳಿಗೂ ನಮ್ಮ ಸಲಹೆ ಇದೇ. ಮಾಲನ್ನು ಇಲ್ಲಿಯ ಮಾರುಕಟ್ಟೆಯಲ್ಲಿಯೋ ಸಹಕಾರಿ ಸಂಘದ ಮೂಲಕವೋ ಮಾರಿ, ಕೈಯಲ್ಲಿ ಹಣ ಹಿಡಿದು ಹೋಗಿ ಹೊಸ ಊರಿನಲ್ಲಿ ಹೊಸದಾಗಿ ಆರಂಭಿಸುವುದು ಹತ್ತು ಕ್ವಿಂಟಲ್, ಹದಿನೈದು ಕ್ವಿಂಟಲ್ ಮಾಲಿನವರಿಗೆ ಎಲ್ಲಕ್ಕಿಂತ ಸುಲಭ.

ಕಾಫಿ ಮತ್ತು ವೀಳ್ಯದೆಲೆ

ಹುರಿಯದ ಕಾಫಿ ಬೀಜಕ್ಕೆ ಜಿ.ಎಸ್.ಟಿ. ಇಲ್ಲ, ಹುರಿದ ಕಾಫಿಗೆ ಶೇಕಡ 5 ಇದೆ. ಆದುದರಿಂದ ಪುಡಿ ಅಂಗಡಿಯನ್ನು ಸ್ಥಳಾಂತರಿಸುವವರು ದಾಸ್ತಾನನ್ನು ಸಾಧ್ಯವಾದಷ್ಟು ಬೀಜದ ರೂಪದಲ್ಲಿಯೇ ಒಯ್ದರೆ ತೆರಿಗೆಯ ಹಣ ನಡುವೆ ಸಿಕ್ಕಿಕೊಳ್ಳುವುದಿಲ್ಲ. ಬೀಜಕ್ಕೆ ತೆರಿಗೆ ಬಿಲ್ಲಿನ ಬದಲು ಬಿಲ್ ಆಫ್ ಸಪ್ಲೈ ಬರೆಯಬೇಕು. ಹುರಿದು ಪುಡಿ ಮಾಡುವುದನ್ನು ಹೊಸ ಊರಿನಲ್ಲಿ ಮಾಡಿದರಾಯಿತು.

ಸವಣೂರಿನ ವೀಳ್ಯದೆಲೆ ಹೆಸರುವಾಸಿ. ಎಲೆಗೆ ಜಿ.ಎಸ್.ಟಿ. ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವನಿಗೆ ನೋಂದಣಿಯ ಅಗತ್ಯವೂ ಇಲ್ಲ, ಅವನು ಯಾವ ರಾಜ್ಯದಲ್ಲಿ ಕುಳಿತು ಮಾರಿದರೂ ಸರಿಯೇ. ಆದರೆ ಅದೇ ಅಂಗಡಿಯಲ್ಲಿ ಎಲೆಯ ಪಕ್ಕದಲ್ಲಿ ಒಣ ಅಡಿಕೆಯನ್ನೂ ಇಟ್ಟು ಮಾರಲಾರಂಭಿಸಿದರೆ ಈ ವಿನಾಯಿತಿಯ ನೆರಳು ತಪ್ಪುತ್ತದೆ. ಆಗ ಎಲೆ ಅಡಿಕೆ ಎರಡರ ವಹಿವಾಟನ್ನೂ ಒಟ್ಟು ಮಾಡಿ ಮಿತಿಯನ್ನು ನೋಡಬೇಕಾಗುತ್ತದೆ.

ಹಳೆಯ ನೋಂದಣಿಯನ್ನು ಮುಚ್ಚುವ ಕ್ರಮ

ಮಾಲು ಹೋಯಿತು, ಅಂಗಡಿ ಖಾಲಿಯಾಯಿತು ಎಂದ ಮಾತ್ರಕ್ಕೆ ನೋಂದಣಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ವ್ಯಾಪಾರ ನಿಂತ 30 ದಿನಗಳೊಳಗೆ ಆರ್.ಇ.ಜಿ.-16 ನಮೂನೆಯಲ್ಲಿ ರದ್ದತಿಯ ಅರ್ಜಿ ಹಾಕಬೇಕು. ರದ್ದತಿಯ ದಿನ ಅಥವಾ ಆದೇಶದ ದಿನ, ಇವೆರಡರಲ್ಲಿ ತಡವಾದುದರಿಂದ ಮೂರು ತಿಂಗಳೊಳಗೆ ಜಿ.ಎಸ್.ಟಿ.ಆರ್.-10 ಎಂಬ ಅಂತಿಮ ರಿಟರ್ನ್ ಸಲ್ಲಿಸಬೇಕು. ಅರ್ಜಿ ಹಾಕಿದವರಲ್ಲಿಯೂ ಅಂತಿಮ ರಿಟರ್ನ್ ಮರೆಯುವವರು ಉಂಟು. ನಗದು ಖಾತೆಯಲ್ಲಿ ಹಣ ಉಳಿದಿದ್ದರೆ ಮರುಪಾವತಿಗೆ ಅರ್ಜಿ ಹಾಕಿ ಪಡೆದುಕೊಳ್ಳಬಹುದು.

ಏನೂ ಮಾಡದೆ ಸುಮ್ಮನೆ ಬಿಟ್ಟು ಹೋದರೆ ಏನಾಗುತ್ತದೆ? ಸೊನ್ನೆ ವಹಿವಾಟಿನ ತಿಂಗಳ ರಿಟರ್ನಿಗೂ ತಡವಾದರೆ ದಿನಕ್ಕೆ 20 ರೂಪಾಯಿ ಶುಲ್ಕ ಏರುತ್ತದೆ. ಕೆಲವು ಕಾಲದ ನಂತರ ಅಧಿಕಾರಿಯೇ ನೋಂದಣಿ ರದ್ದು ಮಾಡಬಹುದು, ತನಗೆ ತೋಚಿದಂತೆ ತೆರಿಗೆ ನಿರ್ಧರಿಸಲೂಬಹುದು. ರದ್ದಾದ ಮಾತ್ರಕ್ಕೆ ಹಳೆಯ ಬಾಕಿ ಅಳಿಯುವುದಿಲ್ಲ. ಅದೇ ಪ್ಯಾನ್ ಮೇಲೆ ಬೇರೆ ಕಡೆ ನೋಂದಣಿ ಕೇಳಿದಾಗ ಆ ಬಾಕಿ ಅಡ್ಡ ಬರಬಹುದು. ಅಟ್ಟ ಮೇಲೆ ಒಲೆ ಉರಿದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಇಲಾಖೆಯ ನೋಟಿಸುಗಳು ಈಗ ಮೊಬೈಲಿಗೂ ಇ-ಮೇಲಿಗೂ ಬರುತ್ತವೆ. ನೋಂದಣಿಯಲ್ಲಿ ಯಾರೋ ಬರವಣಿಗೆಯವರ ಸಂಖ್ಯೆ ಇದ್ದರೆ ಊರು ಬಿಡುವ ಮುನ್ನ ತಮ್ಮದೇ ಸಂಖ್ಯೆ ಹಾಕಿಸಿಕೊಳ್ಳಬೇಕು. ಲೆಕ್ಕದ ಪುಸ್ತಕ, ಬಿಲ್ಲುಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. ಅಂಗಡಿ ಖಾಲಿ ಮಾಡುವಾಗ ರದ್ದಿಗೆ ಹಾಕಿದರೆ ಮುಂದೆ ಉತ್ತರ ಕೊಡಲು ಏನೂ ಉಳಿಯುವುದಿಲ್ಲ.

ಜಿ.ಎಸ್.ಟಿ. ಅಲ್ಲದ ಬಾಕಿಗಳು

ವೃತ್ತಿ ತೆರಿಗೆ ರಾಜ್ಯದ್ದು. ಸಂವಿಧಾನದ 276ನೆಯ ವಿಧಿಯ ಪ್ರಕಾರ ಅದು ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಕರ್ನಾಟಕದಲ್ಲಿ 1976ರ ಕಾಯಿದೆಯಂತೆ ಇದನ್ನು ಕಟ್ಟುತ್ತಿದ್ದವರು ಬಾಕಿ ತೀರಿಸಿ ಹೆಸರು ತೆಗೆಸಬೇಕು. ಮಹಾರಾಷ್ಟ್ರದಲ್ಲಿ 1975ರ ಅವರದೇ ಕಾಯಿದೆಯಡಿ ಹೊಸದಾಗಿ ಹೆಸರು ಬರೆಸಬೇಕು. ಕೇರಳದಲ್ಲಾದರೆ ಪಂಚಾಯತಿ, ನಗರಸಭೆಗಳೇ ಇದನ್ನು ವಸೂಲು ಮಾಡುತ್ತವೆ.

ಎ.ಪಿ.ಎಂ.ಸಿ. ಪರವಾನಗಿಯೂ ರಾಜ್ಯದ ಮೇರೆಯೊಳಗಿನದು. 1966ರ ಕರ್ನಾಟಕ ಕಾಯಿದೆಯಡಿ ಪಡೆದ ಪರವಾನಗಿ ಗೋವಾದಲ್ಲಾಗಲಿ ಮಹಾರಾಷ್ಟ್ರದಲ್ಲಾಗಲಿ ನಡೆಯದು. ಮಾರುಕಟ್ಟೆ ಶುಲ್ಕದ ಬಾಕಿ ತೀರಿಸಿ, ಬಾಕಿ ಇಲ್ಲವೆಂಬ ಪತ್ರ ಪಡೆದು ಪರವಾನಗಿ ಒಪ್ಪಿಸುವುದು ಒಳ್ಳೆಯದು. ಆಹಾರ ಸುರಕ್ಷತೆಯ ಪರವಾನಗಿ ಮತ್ತು ಪಂಚಾಯತಿ ಅಥವಾ ಪುರಸಭೆಯ ವ್ಯಾಪಾರ ಪರವಾನಗಿ ಎರಡೂ ಸ್ಥಳಕ್ಕೆ ಅಂಟಿದವು. ಹೊಸ ಊರಿನಲ್ಲಿ ಹೊಸದಾಗಿ ಪಡೆಯಬೇಕು.

ಆದಾಯ ತೆರಿಗೆ ಕೇಂದ್ರದ್ದಾದ್ದರಿಂದ ಅಲ್ಲಿ ವಿಳಾಸ ಬದಲಿಸಿದರೆ ಸಾಕು, ಪ್ಯಾನ್ ಅದೇ. ತೋಟ ಇಲ್ಲೇ ಉಳಿದರೆ ಅದರ ಕಂದಾಯ ಇಲ್ಲಿಯೇ. ಒಡೆಯ ಯಾವ ರಾಜ್ಯದಲ್ಲಿ ಮನೆ ಮಾಡಿದರೂ ತೋಟದ ಬೆಳೆಯ ಆದಾಯ ಕೃಷಿ ಆದಾಯವೇ. ಅಂಗಡಿ ಹೋದ ಮಾತ್ರಕ್ಕೆ ಬೆಳೆಗಾರ ಬೆಳೆಗಾರನಲ್ಲದೆ ಹೋಗುವುದಿಲ್ಲ.

ಕ್ರಮವಾಗಿ ಹೇಳುವುದಾದರೆ

ಇಷ್ಟನ್ನೂ ನೆನಪಿನಲ್ಲಿಡುವುದು ಕಷ್ಟವೆನಿಸಿದರೆ ಕೆಳಗಿನ ಕ್ರಮವನ್ನು ಬರೆದಿಟ್ಟುಕೊಳ್ಳಬಹುದು.

1. ಸ್ವಂತ ಬೆಳೆ ಮತ್ತು ಕೊಂಡ ಮಾಲು ಇವುಗಳ ಲೆಕ್ಕವನ್ನು ಬೇರ್ಪಡಿಸುವುದು.
2. ಹೊಸ ಊರಿನಲ್ಲಿ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಮುಂತಾದ ಸ್ಥಳದ ದಾಖಲೆಗಳೊಂದಿಗೆ ನೋಂದಣಿ ಪಡೆಯುವುದು.
3. ಮಾರಬಹುದಾದಷ್ಟನ್ನು ಇಲ್ಲಿಯೇ ಮಾರಿ, ಉಳಿದ ಮಾಲು ಮತ್ತು ಯಂತ್ರವನ್ನು ತೆರಿಗೆ ಬಿಲ್ಲು, ಇ-ವೇ ಬಿಲ್ಲಿನೊಂದಿಗೆ ಕಳಿಸುವುದು.
4. ಆ ತಿಂಗಳಿನ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಿ, ಹೊಸ ಖಾತೆಯಲ್ಲಿ ಜಮೆ ಬಂದುದನ್ನು ಕಣ್ಣಾರೆ ನೋಡುವುದು.
5. ಅನಂತರವೇ ಹಳೆಯ ನೋಂದಣಿಯ ರದ್ದತಿಗೆ ಅರ್ಜಿ, ಬಳಿಕ ಅಂತಿಮ ರಿಟರ್ನ್.

ದೊಡ್ಡ ವರ್ತಕರಿಗೆ ಈ ಕೆಲಸ ನೋಡಿಕೊಳ್ಳಲು ಲೆಕ್ಕಿಗರಿರುತ್ತಾರೆ. ಒಂದು ಲಕ್ಷ ಹೋದರೂ ಅವರ ವ್ಯಾಪಾರ ನಿಲ್ಲುವುದಿಲ್ಲ. ನಾಲ್ಕು ಎಕರೆ ತೋಟದ ಜೊತೆಗೆ ಅಂಗಳದಲ್ಲಿ ಅಡಿಕೆ ಒಣಗಿಸಿ ಬದುಕುವವನಿಗೆ ಅದು ಒಂದು ವರ್ಷದ ಲಾಭವೇ ಆಗಿರಬಹುದು. ಹೊರಡುವುದಕ್ಕೆ ಎರಡು ಮೂರು ತಿಂಗಳು ಮುಂಚೆ ಪುಸ್ತಕಗಳನ್ನು ತೆಗೆದುಕೊಂಡು ತೆರಿಗೆ ಸಲಹೆಗಾರರೊಬ್ಬರನ್ನು ಕಂಡು, ದಾಸ್ತಾನಿನ ಪಟ್ಟಿಯನ್ನು ಅವರ ಮುಂದಿಡಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇವೆ. ಲಾರಿಯನ್ನು ಆಮೇಲೆ ಗೊತ್ತು ಮಾಡಿದರಾಯಿತು.